ಚೀಟಿಗೂ ಒಂದು ಆಯುಸ್ಸು ಬೇಡವೇ?

ವೈದ್ಯರು ಬರೆದುಕೊಟ್ಟ ಔಷಧದ ಚೀಟಿ ಎಷ್ಟು ಕಾಲ ಬದುಕಿರಬೇಕು? ಪ್ರಶ್ನೆ ವಿಚಿತ್ರವೆಂದು ತೋರಬಹುದು. ಹಾಲಿನ ಪೊಟ್ಟಣದ ಮೇಲೆ ದಿನಾಂಕವಿರುತ್ತದೆ. ಬಸ್ ಪಾಸಿಗೆ ಅವಧಿಯಿದೆ. ವಾಹನ ಓಡಿಸುವ ಲೈಸೆನ್ಸನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ಮಾತ್ರೆಯ ಸ್ಟ್ರಿಪ್ಪಿನ ಬೆನ್ನ ಮೇಲೆ ಅದರ ಕೊನೆಯ ತಿಂಗಳು ಅಚ್ಚಾಗಿರುತ್ತದೆ. ಆದರೆ ಆ ಮಾತ್ರೆಯನ್ನು ನುಂಗಲು ಅಪ್ಪಣೆ ಕೊಟ್ಟ ಕಾಗದಕ್ಕೆ ಮಾತ್ರ ನಮ್ಮಲ್ಲಿ ಕೊನೆಯೆಂಬುದೇ ಇಲ್ಲ. ಮಡಿಕೆಗಳಲ್ಲಿ ಹರಿದು, ಅಕ್ಷರ ಮಾಸಿ, ಪ್ಲಾಸ್ಟಿಕ್ ಚೀಲದೊಳಗೆ ಸೇರಿಕೊಂಡ ಆ ಚೀಟಿಯ ಬಲದಿಂದ ಐದು ವರ್ಷ, ಹತ್ತು ವರ್ಷ ಒಂದೇ ಮಾತ್ರೆಯನ್ನು ಕೊಳ್ಳುತ್ತಿರುವವರು ನಮ್ಮ ಊರುಗಳ ಬೀದಿಬೀದಿಯಲ್ಲಿ ಇದ್ದಾರೆ. ಎಷ್ಟೋ ಮಂದಿಗೆ ಚೀಟಿಯೂ ಬೇಕಾಗಿಲ್ಲ. ಖಾಲಿಯಾದ ಸ್ಟ್ರಿಪ್ಪಿನ ತುಂಡೊಂದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಹೋಗಿ ಮೆಡಿಕಲ್ ಅಂಗಡಿಯವರ ಮುಂದೆ ಹಿಡಿದರಾಯಿತು. "ಎಷ್ಟು ಕೊಡಲಿ?" ಎಂಬುದೊಂದೇ ಅಲ್ಲಿ ಕೇಳಿಬರುವ ಪ್ರಶ್ನೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣವಿದೆ. ಈ ಬರಹಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈಗ ಐವತ್ತರ ಆಸುಪಾಸಿನವರು. ನಿಮ್ಮಲ್ಲಿ ಹಲವರಿಗೆ ಬಿ.ಪಿ. ಮಾತ್ರೆ ಆಗಲೇ ಆರಂಭವಾಗಿದೆ. ನಿಮ್ಮ ತಂದೆತಾಯಿಗಳಿಗಂತೂ ಬೆಳಗಿನ ಕಾಫಿಯಷ್ಟೇ ಖಚಿತವಾಗಿ ನಾಲ್ಕಾರು ಮಾತ್ರೆಗಳುಂಟು. ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿದ್ದೀರಿ, ಕೆಲವರು ಇಂಗ್ಲೆಂಡು, ಅಮೆರಿಕಗಳಲ್ಲಿ. ತಿಂಗಳಿಗೊಮ್ಮೆ ಊರಿನ ಔಷಧದ ಅಂಗಡಿಗೆ ದೂರವಾಣಿ ಮಾಡಿ, "ಅಮ್ಮನ ಮಾತ್ರೆ ಮೂರು ತಿಂಗಳಿಗಾಗುವಷ್ಟು ಕಳಿಸಿಕೊಡಿ, ಹಣ ಹಾಕುತ್ತೇನೆ" ಎಂದು ಹೇಳುವುದು ನಿಮ್ಮ ಮಾತೃಭಕ್ತಿಯ ಕುರುಹು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಮಾತ್ರೆ ಈಗಲೂ ಅಮ್ಮನಿಗೆ ಬೇಕೇ, ಅಷ್ಟೇ ಪ್ರಮಾಣದಲ್ಲಿ ಬೇಕೇ ಎಂಬುದನ್ನು ಕೊನೆಯ ಬಾರಿಗೆ ಯಾರು, ಯಾವಾಗ ನೋಡಿದರು? ಈ ಪ್ರಶ್ನೆಗೆ ಉತ್ತರವಿಲ್ಲದ ಮನೆಗಳೇ ಹೆಚ್ಚು ಎಂದು ನನ್ನ ಅನುಭವ ಹೇಳುತ್ತದೆ.

ನಮ್ಮ ಬಾಲ್ಯದ ಸರ್ಕಾರಿ ಆಸ್ಪತ್ರೆಯ ಕ್ರಮ ಬೇರೆಯಾಗಿತ್ತು. ಮನೆಯಿಂದಲೇ ತೊಳೆದ ಸೀಸೆಯೊಂದನ್ನು ಒಯ್ಯಬೇಕಾಗಿತ್ತು. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಬರೆದುಕೊಟ್ಟದ್ದನ್ನು ಕಂಪೌಂಡರು ಕಿಟಕಿಯ ಆಚೆ ನಿಂತು ಬೆರೆಸಿ ಕೊಡುತ್ತಿದ್ದರು. ಕೆಂಬಣ್ಣದ ಆ ಮಿಕ್ಸ್ಚರಿನ ಸೀಸೆಗೆ ಕಚ್ಚು ಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿನವರೆಗೆ ಒಂದು ಹೊತ್ತಿನ ಔಷಧ. ಮೂರು ದಿನಕ್ಕೆ ಸೀಸೆ ಬರಿದಾಗುತ್ತಿತ್ತು. ಮತ್ತೆ ಬೇಕೆಂದರೆ ಮತ್ತೆ ಡಾಕ್ಟರ ಮುಂದೆ ನಿಲ್ಲಬೇಕು; "ಹೇಗಿದೆ ಈಗ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಔಷಧಗಳ ಗುಣವೆಷ್ಟೋ ನಾನು ಹೇಳಲಾರೆ. ಆದರೆ ಔಷಧ ಕೊಡುವುದೂ ರೋಗಿಯನ್ನು ನೋಡುವುದೂ ಅಂದು ಒಂದೇ ಕ್ರಿಯೆಯಾಗಿತ್ತು. ಒಂದನ್ನು ಬಿಟ್ಟು ಇನ್ನೊಂದು ಇರಲಿಲ್ಲ.

ಅಂದಿನ ಕಾಯಿಲೆಗಳು ಜ್ವರ, ಭೇದಿ, ಕೆಮ್ಮು. ಬಂದರೆ ಹೋಗುವಂಥವು, ಇಲ್ಲವೇ ಮನುಷ್ಯನನ್ನೇ ಒಯ್ಯುವಂಥವು. ಇಂದಿನ ಕಾಯಿಲೆಗಳ ಸ್ವಭಾವವೇ ಬೇರೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಥೈರಾಯಿಡ್ ಇವೆಲ್ಲ ಮನೆಗೆ ಬಂದ ಅತಿಥಿಗಳಲ್ಲ, ಮನೆಯಲ್ಲೇ ನೆಲೆಸಿದ ಬಾಡಿಗೆದಾರರು. ಔಷಧ ಅವುಗಳನ್ನು ಓಡಿಸುವುದಿಲ್ಲ, ಹದ್ದುಬಸ್ತಿನಲ್ಲಿಡುತ್ತದೆ. ಆದ್ದರಿಂದ ಅದೇ ಮಾತ್ರೆಯನ್ನು ತಿಂಗಳು ತಿಂಗಳೂ ಕೊಳ್ಳಬೇಕು. ಪ್ರತಿ ಬಾರಿಯೂ ವೈದ್ಯರನ್ನು ಕಾಣುವುದು ರೋಗಿಗೂ ಕಷ್ಟ, ವೈದ್ಯರಿಗೂ ಅಸಾಧ್ಯ. ಹೀಗೆ, ಔಷಧ ಕೊಡುವ ಕ್ರಿಯೆ ರೋಗಿಯನ್ನು ನೋಡುವ ಕ್ರಿಯೆಯಿಂದ ಬೇರ್ಪಟ್ಟಿತು. ಬೇರ್ಪಟ್ಟದ್ದು ತಪ್ಪಲ್ಲ. ಆದರೆ ಬೇರ್ಪಟ್ಟ ಆ ಎರಡನ್ನೂ ಕಟ್ಟಿಡುವ ದಾರವೊಂದು ಇರಬೇಕಲ್ಲವೇ? ನಮ್ಮಲ್ಲಿ ಇಲ್ಲದಿರುವುದು ಆ ದಾರ.

ಇಂಗ್ಲೆಂಡಿನವರು ಈ ದಾರವನ್ನು ಹೇಗೆ ಹೊಸೆದಿದ್ದಾರೆಂಬುದನ್ನು ತಿಳಿಯುವುದು ಉಪಯುಕ್ತ. ಅಲ್ಲಿ ಬಡಾವಣೆಯ ವೈದ್ಯರ ಚಿಕಿತ್ಸಾಲಯಕ್ಕೆ 'ಸರ್ಜರಿ' ಎಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ, ಅಲ್ಲಿ ಯಾರೂ ಯಾರನ್ನೂ ಕೊಯ್ಯುವುದಿಲ್ಲ. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಪ್ರತಿಯೊಬ್ಬರೂ ಇಂಥದೊಂದು ಸರ್ಜರಿಯಲ್ಲಿ ಹೆಸರು ನೋಂದಾಯಿಸಿಕೊಂಡಿರುತ್ತಾರೆ. ದೀರ್ಘಕಾಲದ ಕಾಯಿಲೆಯವರಿಗೆ ವೈದ್ಯರು ಕೆಲವು ಔಷಧಗಳನ್ನು 'ಪುನರಾವರ್ತನೆ'ಯ ಪಟ್ಟಿಗೆ ಸೇರಿಸುತ್ತಾರೆ. ಮುಂದೆ ಮಾತ್ರೆ ಮುಗಿಯುತ್ತ ಬಂದಾಗ ರೋಗಿ ವೈದ್ಯರನ್ನು ಕಾಣಬೇಕಾಗಿಲ್ಲ. ಮೊದಲೆಲ್ಲ ಹಸಿರು ಚೀಟಿಯ ಪಕ್ಕದಲ್ಲಿ ಹರಿದುಕೊಳ್ಳುವಂಥ ಬಿಳಿಯ ಪಟ್ಟಿಯೊಂದಿರುತ್ತಿತ್ತು. ಅದರಲ್ಲಿ ಬೇಕಾದ ಔಷಧಗಳಿಗಷ್ಟೇ ಗುರುತು ಹಾಕಿ ಸರ್ಜರಿಯ ಪೆಟ್ಟಿಗೆಯಲ್ಲಿ ಹಾಕಿ ಬರುತ್ತಿದ್ದರು. ಈಗಲೂ ಹಾಗೆ ಮಾಡುವ ಹಿರಿಯರುಂಟು. ಉಳಿದವರು ಮೊಬೈಲಿನಲ್ಲೇ ಬೇಡಿಕೆ ಸಲ್ಲಿಸುತ್ತಾರೆ. ಸಾಮಾನ್ಯವಾಗಿ ಎರಡು ಕೆಲಸದ ದಿನಗಳೊಳಗೆ ವೈದ್ಯರ ಒಪ್ಪಿಗೆ ಪಡೆದ ಚೀಟಿ ಗಣಕಯಂತ್ರದ ಮೂಲಕವೇ ರೋಗಿ ಆರಿಸಿಕೊಂಡ ಔಷಧದ ಅಂಗಡಿಗೆ ತಲುಪುತ್ತದೆ. ಅನೇಕ ಸರ್ಜರಿಗಳು ದೂರವಾಣಿಯಲ್ಲಿ ಬೇಡಿಕೆಯನ್ನು ಸ್ವೀಕರಿಸುವುದೇ ಇಲ್ಲ. ಒಂದೇ ರೀತಿ ಕೇಳಿಸುವ ಔಷಧಗಳ ಹೆಸರು ಅದಲುಬದಲಾಗುವ ಅಪಾಯವಿದೆಯಲ್ಲ!

ಇದಿಷ್ಟೂ ಅನುಕೂಲದ ಮಾತಾಯಿತು. ನನಗೆ ಮುಖ್ಯವೆಂದು ತೋರುವುದು ಅನುಕೂಲವಲ್ಲ, ಮಿತಿ. ಸಾಮಾನ್ಯ ಔಷಧದ ಚೀಟಿಯೊಂದು ಅಲ್ಲಿ ಆರು ತಿಂಗಳಿಗೆ ಸಾಯುತ್ತದೆ. ನಿಯಂತ್ರಿತ ಔಷಧಗಳದ್ದಾದರೆ 28 ದಿನಗಳಿಗೇ ಅದರ ಆಯುಸ್ಸು ಮುಗಿಯಿತು. ಒಂದು ಬಾರಿಗೆ ಸಿಗುವುದು ಬಹುಮಟ್ಟಿಗೆ 28 ಅಥವಾ 56 ದಿನಗಳ ಮಾತ್ರೆ. ಪುನರಾವರ್ತನೆಯ ಪಟ್ಟಿಗೂ ಮರುಪರಿಶೀಲನೆಯ ದಿನಾಂಕವೊಂದು ಅಂಟಿಕೊಂಡಿರುತ್ತದೆ. ಆ ದಿನ ಬಂದಾಗ ಸರ್ಜರಿಯಿಂದ ಕರೆ ಬರುತ್ತದೆ: ರಕ್ತ ಪರೀಕ್ಷೆ ಮಾಡಿಸಿ, ರಕ್ತದೊತ್ತಡ ನೋಡಿಸಿ, ವೈದ್ಯರೊಡನೆ ಅಥವಾ ಔಷಧತಜ್ಞರೊಡನೆ ಮಾತನಾಡಿ, ಅನಂತರ ಪಟ್ಟಿಯನ್ನು ಮುಂದುವರಿಸೋಣ ಎಂದು. ಹೀಗೆ ತಿಂಗಳ ಮಾತ್ರೆ ಸರಾಗ, ವರ್ಷದ ಪರೀಕ್ಷೆ ಕಡ್ಡಾಯ. ಇದೇ ಆ ದಾರ.

ಹಾಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆಯೆಂದು ಹೇಳಲಾರೆ. ವಿದೇಶದ್ದೆಲ್ಲ ಚಿನ್ನ, ನಮ್ಮದೆಲ್ಲ ಮಣ್ಣು ಎನ್ನುವ ಸ್ವಭಾವ ನನ್ನದಲ್ಲವೆಂಬುದು ನಿಮಗೆ ಗೊತ್ತು. ವೈದ್ಯರ ಭೇಟಿಗೆ ವಾರಗಟ್ಟಲೆ ಕಾಯಬೇಕೆಂಬ ದೂರು ಅಲ್ಲಿ ಮಾಮೂಲಾಗಿಬಿಟ್ಟಿದೆ. ವೇಲ್ಸಿನಲ್ಲಿ 2007ರಿಂದ, ಉತ್ತರ ಐರ್ಲೆಂಡಿನಲ್ಲಿ 2010ರಿಂದ, ಸ್ಕಾಟ್ಲೆಂಡಿನಲ್ಲಿ 2011ರಿಂದ ಚೀಟಿಯ ಔಷಧಕ್ಕೆ ಶುಲ್ಕವಿಲ್ಲ. ಇಂಗ್ಲೆಂಡಿನಲ್ಲಿ ಮಾತ್ರ 60 ವರ್ಷ ತುಂಬದ ದುಡಿಯುವ ಜನ ಒಂದೊಂದು ಔಷಧಕ್ಕೂ ಶುಲ್ಕ ತೆರಬೇಕು. 2024ರ ಮೇ ತಿಂಗಳಲ್ಲಿ ಅದನ್ನು 9.90 ಪೌಂಡಿಗೆ ಏರಿಸಲಾಯಿತು. ಪುನರಾವರ್ತನೆ ಸುಲಭವಾದಾಗ ಅದೇ ಒಂದು ರೋಗವಾಗುವುದೂ ಉಂಟು: ಬೇಡದ ಔಷಧಕ್ಕೂ ಅಭ್ಯಾಸಬಲದಿಂದ ಗುರುತು ಹಾಕುವುದು, ಮನೆಯ ಕಪಾಟಿನಲ್ಲಿ ಡಬ್ಬಿಗಳು ಗುಡ್ಡೆಯಾಗುವುದು. ಇಂಗ್ಲೆಂಡಿನಲ್ಲಿ ಹೀಗೆ ವ್ಯರ್ಥವಾಗುವ ಔಷಧದ ಬೆಲೆ ವರ್ಷಕ್ಕೆ ಸುಮಾರು 30 ಕೋಟಿ ಪೌಂಡ್ ಎಂದು 2010ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಸರ್ಜರಿಗಳ ಮೂಲಕ ಜನರಿಗೆ ದೊರೆಯುವ ಔಷಧಗಳಲ್ಲಿ ಕನಿಷ್ಠ ಶೇಕಡಾ 10ರಷ್ಟು ಅನಗತ್ಯವಿರಬಹುದೆಂದು 2021ರ ಸೆಪ್ಟೆಂಬರಿನಲ್ಲಿ ಹೊರಬಂದ ಸರ್ಕಾರಿ ವರದಿಯೇ ಒಪ್ಪಿಕೊಂಡಿತು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ಎಣಿಕೆ ಇದ್ದದ್ದರಿಂದಲೇ ಅವರಿಗೆ ಅದು ತಿಳಿಯಿತು. ನಮ್ಮಲ್ಲಿ ಯಾರು ಯಾವ ಮಾತ್ರೆಯನ್ನು ಎಷ್ಟು ವರ್ಷದಿಂದ ನುಂಗುತ್ತಿದ್ದಾರೆಂಬುದು ಅವರವರ ಪ್ಲಾಸ್ಟಿಕ್ ಚೀಲಕ್ಕಷ್ಟೇ ಗೊತ್ತು.

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲವೆಂದು ನೀವು ಭಾವಿಸಿದ್ದರೆ ಅದು ನಿಜವಲ್ಲ. 1940ರ ಔಷಧ ಕಾಯಿದೆಯ ಅಡಿಯಲ್ಲಿ 1945ರಲ್ಲಿ ರಚಿತವಾದ ನಿಯಮಾವಳಿಯ 65ನೆಯ ನಿಯಮವನ್ನು ಓದಿದಾಗ ನನಗೆ ಆಶ್ಚರ್ಯವಾಯಿತು. ಚೀಟಿಯಲ್ಲಿ ವೈದ್ಯರ ಸಹಿ, ದಿನಾಂಕ, ರೋಗಿಯ ಹೆಸರು, ವಿಳಾಸ, ಕೊಡಬೇಕಾದ ಔಷಧದ ಒಟ್ಟು ಪ್ರಮಾಣ ಇರಬೇಕೆಂದು ಅದು ಹೇಳುತ್ತದೆ. ಅಷ್ಟೇ ಅಲ್ಲ. ಒಮ್ಮೆಗಿಂತ ಹೆಚ್ಚು ಬಾರಿ ಕೊಡಬಹುದೆಂದು ವೈದ್ಯರು ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದಿರದಿದ್ದರೆ ಅಂಗಡಿಯವರು ಆ ಚೀಟಿಗೆ ಎರಡನೆಯ ಬಾರಿ ಔಷಧ ಕೊಡಕೂಡದು. ಇಷ್ಟು ಬಾರಿ, ಇಷ್ಟು ದಿನಗಳಿಗೊಮ್ಮೆ ಎಂದು ಬರೆದಿದ್ದರೆ ಅದನ್ನು ಮೀರಕೂಡದು. ಕೊಟ್ಟಾಗಲೆಲ್ಲ ಅಂಗಡಿಯ ಹೆಸರು, ವಿಳಾಸ, ದಿನಾಂಕಗಳನ್ನು ಚೀಟಿಯ ಮೇಲೆ ನಮೂದಿಸಬೇಕು. ಇಂಗ್ಲೆಂಡಿನ ಪುನರಾವರ್ತನೆಯ ಪಟ್ಟಿಯ ಬೀಜ ಇದಲ್ಲದೆ ಮತ್ತೇನು? ಸ್ವಾತಂತ್ರ್ಯಕ್ಕೆ ಎರಡು ವರ್ಷ ಮೊದಲೇ ಅದು ನಮ್ಮ ಕಾನೂನಿನ ಹೊಲದಲ್ಲಿ ಬಿತ್ತನೆಯಾಗಿತ್ತು. ನೀರೆರೆಯುವವರಿಲ್ಲದೆ ಅಲ್ಲೇ ಉಳಿಯಿತು. ಮಾತ್ರೆಯ ಸ್ಟ್ರಿಪ್ಪಿನ ಮೇಲಿನ ಕೆಂಪು ಆರ್‌ಎಕ್ಸ್ ಗುರುತೂ 'ವೈದ್ಯರ ಚೀಟಿಯಿದ್ದರೆ ಮಾತ್ರ' ಎಂಬ ಸೂಚನೆಯೂ ಇದನ್ನೇ ಸಾರುತ್ತವೆ, ಓದುವವರು ವಿರಳ. 2014ರ ಮಾರ್ಚಿಯಿಂದ ಕೆಲವು ಆ್ಯಂಟಿಬಯಾಟಿಕ್, ಕ್ಷಯದ ಔಷಧ, ನಿದ್ರೆಯ ಮಾತ್ರೆಗಳಿಗೆ ಅಂಗಡಿಯಲ್ಲಿ ಪ್ರತ್ಯೇಕ ದಾಖಲೆ ಪುಸ್ತಕವಿಟ್ಟು ಮೂರು ವರ್ಷ ಕಾಪಾಡಬೇಕೆಂಬ ನಿಯಮವೂ ಜಾರಿಯಲ್ಲಿದೆ. ಆದರೆ ಬಿ.ಪಿ., ಸಕ್ಕರೆಯ ಮಾತ್ರೆಗಳ ವಿಷಯದಲ್ಲಿ ಹಳೆಯ ಉದಾಸೀನವೇ ಮುಂದುವರಿದಿದೆ.

ಒಂದೇ ಮಾತ್ರೆಯನ್ನು ಪರೀಕ್ಷೆಯಿಲ್ಲದೆ ಮುಂದುವರಿಸಿದರೆ ಏನಾದೀತು ಎಂದು ಕೇಳುವವರಿಗೆ ಒಂದು ನಿದರ್ಶನ ಹೇಳುತ್ತೇನೆ. ನನ್ನ ಸಹೋದ್ಯೋಗಿಯಾಗಿದ್ದ ಹಿರಿಯರೊಬ್ಬರು ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ಎಂಬ ಮಾತ್ರೆಯನ್ನು ಬಹಳ ವರ್ಷಗಳಿಂದ ಸೇವಿಸುತ್ತಿದ್ದರು. ಮೊದಲು ಬರೆದುಕೊಟ್ಟಾಗ ಅವರು ಗಟ್ಟಿಮುಟ್ಟಾಗಿದ್ದವರು, ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುತ್ತಿದ್ದವರು. ವಯಸ್ಸು ಎಂಬತ್ತರ ಹತ್ತಿರ ಬಂದಾಗ ಊಟ ಅರ್ಧಕ್ಕಿಳಿದಿತ್ತು, ತೂಕ ಇಳಿದಿತ್ತು; ಮಾತ್ರೆ ಮಾತ್ರ ಇಳಿಯಲಿಲ್ಲ. ಒಂದು ಬೆಳಗಿನ ಜಾವ ಮೈಯೆಲ್ಲ ಬೆವತು, ಮಾತು ತೊದಲಿ, ಮಗನ ಗುರುತೇ ಸಿಗದಂತಾದರು. ಲಕ್ವ ಹೊಡೆಯಿತೆಂದು ಮನೆಯವರು ಗೋಳಾಡುತ್ತ ಆಸ್ಪತ್ರೆಗೆ ಒಯ್ದರು. ಅಲ್ಲಿ ನೋಡಿದರೆ ರಕ್ತದಲ್ಲಿ ಸಕ್ಕರೆಯ ಅಂಶ ಪಾತಾಳಕ್ಕಿಳಿದಿತ್ತು. ಗ್ಲೂಕೋಸ್ ಕೊಟ್ಟ ಮೇಲೆ ಚೇತರಿಸಿಕೊಂಡರು. ಅದು ಅವರ ಪುಣ್ಯ. ಔಷಧ ಕೆಟ್ಟದ್ದಾಗಿರಲಿಲ್ಲ, ಬರೆದ ವೈದ್ಯರೂ ತಪ್ಪು ಬರೆದಿರಲಿಲ್ಲ. ಮನುಷ್ಯ ಬದಲಾಗಿದ್ದರು, ಚೀಟಿ ಬದಲಾಗಿರಲಿಲ್ಲ. ನಡುವೆ ಒಬ್ಬರಾದರೂ ಕೇಳಬೇಕಾಗಿತ್ತು; ಯಾರೂ ಕೇಳಲಿಲ್ಲ.

ಇದು ಒಂದು ಮಾತ್ರೆಯ ಕಥೆಯಲ್ಲ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಮುಂತಾದ ಬಿ.ಪಿ. ಮಾತ್ರೆ ಸೇವಿಸುವವರು ಕಾಲಕಾಲಕ್ಕೆ ರಕ್ತದಲ್ಲಿ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಬೇಕು. ಮೆಟ್‌ಫಾರ್ಮಿನ್ ಸೇವಿಸುವವರ ಮೂತ್ರಪಿಂಡಗಳ ಶಕ್ತಿ ಕುಗ್ಗಿದರೆ ಪ್ರಮಾಣ ತಗ್ಗಿಸಬೇಕಾಗುತ್ತದೆ, ತೀರ ಕುಗ್ಗಿದರೆ ನಿಲ್ಲಿಸಲೇಬೇಕಾಗುತ್ತದೆ. ವರ್ಷಗಟ್ಟಲೆ ಸೇವಿಸಿದವರಲ್ಲಿ ಬಿ12 ಜೀವಸತ್ವದ ಕೊರತೆಯೂ ತಲೆದೋರಬಹುದು. ಥೈರಾಯಿಡ್ ಮಾತ್ರೆಯವರು ವರ್ಷಕ್ಕೊಮ್ಮೆಯಾದರೂ ಟಿ.ಎಸ್.ಎಚ್. ನೋಡಿಸಬೇಕು. ಅಮ್ಲೋಡಿಪಿನ್ ಸೇವಿಸುವ ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಅದು ಆ ಮಾತ್ರೆಯ ಪರಿಣಾಮವೆಂದು ತಿಳಿಯದೆ ಊತಕ್ಕೆ ಮೂತ್ರ ಹೋಗಿಸುವ ಇನ್ನೊಂದು ಮಾತ್ರೆ, ಅದರಿಂದ ಸುಸ್ತಾದರೆ ಮತ್ತೊಂದು ಟಾನಿಕ್, ಹೀಗೆ ಬಾಲಕ್ಕೆ ಬಾಲ ಬೆಳೆಯುತ್ತದೆ. ಇದರ ನಡುವೆ ಮಂಡಿನೋವಿಗೆಂದು ಅಂಗಡಿಯಲ್ಲೇ ಕೇಳಿ ಕೊಂಡ ಡೈಕ್ಲೊಫೆನಾಕ್ ಮಾತ್ರೆಯೂ ಸೇರಿಕೊಂಡರೆ ಮೂತ್ರಪಿಂಡಗಳ ಗತಿಯೇನು? ಇನ್ನೊಂದು ಅಪಾಯ ಹೆಸರಿನದು. ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆ ಅದೇ ಔಷಧವನ್ನು ಬೇರೆ ಕಂಪನಿಯ ಹೆಸರಿನಲ್ಲಿ ಬರೆದುಕೊಟ್ಟಿರುತ್ತಾರೆ. ಮನೆಯಲ್ಲಿ ಹಳೆಯದೂ ಉಳಿದಿರುತ್ತದೆ. ಎರಡೂ ಬೇರೆಯೆಂದು ಭಾವಿಸಿ ಎರಡನ್ನೂ ನುಂಗುವ ಹಿರಿಯರನ್ನು ನಾನು ಕಂಡಿದ್ದೇನೆ.

ಹಾಗಾದರೆ ಕಾನೂನನ್ನು ನಾಳೆಯಿಂದಲೇ ಬಿಗಿಯಾಗಿ ಜಾರಿಗೊಳಿಸಿ, ಹಳೆಯ ಚೀಟಿಗೆ ಮಾತ್ರೆ ಕೊಡುವ ಅಂಗಡಿಗಳಿಗೆ ಬೀಗ ಹಾಕಿಸಿಬಿಡೋಣವೇ? ಹೀಗೆ ವಾದಿಸುವ ಮಿತ್ರರಿದ್ದಾರೆ. ನಾನು ಒಪ್ಪುವುದಿಲ್ಲ. ಕೂಲಿಯಿಂದ ಬದುಕುವ ಹೆಂಗಸೊಬ್ಬಳು ತಾಲ್ಲೂಕು ಆಸ್ಪತ್ರೆಗೆ ಹೋಗಿ ಬರಬೇಕೆಂದರೆ ಅಂದಿನ ಕೂಲಿ ಹೋಯಿತು, ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಮಧ್ಯಾಹ್ನವಾಯಿತು. ಖಾಸಗಿ ವೈದ್ಯರಲ್ಲಿಗೆ ಹೋದರೆ ಶುಲ್ಕವೇ ತಿಂಗಳ ಮಾತ್ರೆಯ ಬೆಲೆಯನ್ನು ಮೀರುತ್ತದೆ. ಅವಳಿಗೆ ಹತ್ತಿರವಿರುವವರು, ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆದಿರುವವರು, ಹತ್ತು ಮಾತ್ರೆ ಕೇಳಿದರೆ ಹತ್ತನ್ನೇ ಎಣಿಸಿ ಕೊಡುವವರು ಮೆಡಿಕಲ್ ಅಂಗಡಿಯವರು. ಆ ಬಾಗಿಲನ್ನೂ ಮುಚ್ಚಿದರೆ ಅವಳು ವೈದ್ಯರ ಬಳಿಗೆ ಓಡುವುದಿಲ್ಲ, ಮಾತ್ರೆಯನ್ನೇ ಬಿಡುತ್ತಾಳೆ. ಬಿ.ಪಿ. ಮಾತ್ರೆಯನ್ನು ಪರೀಕ್ಷೆಯಿಲ್ಲದೆ ನುಂಗುವುದಕ್ಕಿಂತ ಅದನ್ನು ಬಿಟ್ಟುಬಿಡುವುದು ಹೆಚ್ಚು ಅಪಾಯಕರ. ಪಾರ್ಶ್ವವಾಯು ಹೊಂಚುಹಾಕಿ ಕುಳಿತಿರುತ್ತದೆ. ಆದ್ದರಿಂದ ನನ್ನ ವಾದ ಮಾತ್ರೆಯನ್ನು ತಡೆಯಬೇಕೆಂಬುದಲ್ಲ. ಪರೀಕ್ಷೆಯನ್ನು ಮಾತ್ರೆಯಷ್ಟೇ ಹತ್ತಿರಕ್ಕೆ ತರಬೇಕೆಂಬುದು. ಈ ಬರಹ ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಹೃದಯದ ಮಾತ್ರೆಗಳನ್ನೂ ಮೂರ್ಛೆರೋಗದ ಮಾತ್ರೆಗಳನ್ನೂ ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಸಂಚಕಾರ.

ಪರೀಕ್ಷೆಯನ್ನು ಹತ್ತಿರಕ್ಕೆ ತರುವ ಪ್ರಯತ್ನ ನಡೆದೇ ಇಲ್ಲವೆಂದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ತಪಾಸಣೆಯೂ ಮಾತ್ರೆಯೂ ಉಚಿತ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಆರಂಭಗೊಂಡ ನಮ್ಮ ರಾಜ್ಯದ 'ಗೃಹ ಆರೋಗ್ಯ' ಯೋಜನೆ ಮೂವತ್ತು ದಾಟಿದವರ ಮನೆಬಾಗಿಲಿಗೇ ತಪಾಸಣೆಯನ್ನು ಒಯ್ಯುವ ಉದ್ದೇಶದ್ದು. 2008ರಲ್ಲಿ ಮೊದಲಾದ ಜನೌಷಧಿ ಮಳಿಗೆಗಳಲ್ಲಿ ಮಾತ್ರೆಗಳ ಬೆಲೆ ಹೊರಗಿನದಕ್ಕಿಂತ ಬಹಳ ಕಡಿಮೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಆರೋಗ್ಯ ಕೇಂದ್ರದಲ್ಲಿ ಒಂದು ಕಾರ್ಡು, ಖಾಸಗಿ ವೈದ್ಯರದ್ದೊಂದು ಚೀಟಿ, ಅಂಗಡಿಯಲ್ಲಿ ಬರೀ ಸ್ಟ್ರಿಪ್ಪು ಎಂಬ ಸ್ಥಿತಿ ಇರುವವರೆಗೆ, ಒಬ್ಬ ಮನುಷ್ಯನ ಔಷಧಗಳ ಪೂರ್ತಿ ಪಟ್ಟಿ ಯಾರ ಕೈಯಲ್ಲೂ ಇರುವುದಿಲ್ಲ.

ಸರ್ಕಾರ ಎಲ್ಲವನ್ನೂ ಸರಿಪಡಿಸುವವರೆಗೆ ಕಾಯಬೇಕಾಗಿಲ್ಲ. ಮೂವರು ತಮ್ಮ ತಮ್ಮ ಪಾಲಿನ ಸಣ್ಣ ಕೆಲಸ ಮಾಡಿದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಮೊದಲನೆಯವರು ವೈದ್ಯರು. ಚೀಟಿಯ ಕೆಳಗೆ ಎರಡೇ ಸಾಲು: "ಈ ಔಷಧಗಳನ್ನು ಇಂಥ ತಿಂಗಳವರೆಗೆ, ತಿಂಗಳಿಗೊಮ್ಮೆಯಂತೆ, ಆರು ಬಾರಿ ಕೊಡಬಹುದು. ಇಂಥ ತಿಂಗಳು ಈ ರಕ್ತ ಪರೀಕ್ಷೆಗಳೊಂದಿಗೆ ಬನ್ನಿ." ಈ ಸಾಲುಗಳನ್ನು ಬರೆಯುವುದಕ್ಕೆ ಅರ್ಧ ನಿಮಿಷವೂ ಬೇಡ, ಕಾನೂನು ಬಯಸುವುದೂ ಅದನ್ನೇ. ಔಷಧದ ಹೆಸರನ್ನು ಕಂಪನಿಯ ಹೆಸರಿನ ಬದಲು ಮೂಲ ಹೆಸರಿನಲ್ಲಿ, ಓದಲು ಬರುವಂತೆ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ತನ್ನ ನಿಯಮವನ್ನು ತಿದ್ದಿತ್ತು. ಕನ್ನಡದ ಮಾತನ್ನೂ ಇಲ್ಲಿ ಹೇಳಬೇಕು. ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಬೇಕೆಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದ ಪುರುಷೋತ್ತಮ ಬಿಳಿಮಲೆಯವರು 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಾಗ ಪರವಿರೋಧದ ಚರ್ಚೆ ನಡೆಯಿತು. ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅದು ಅಂಗಡಿಯವರಿಗೆ. ಆದರೆ "ಬೆಳಗ್ಗೆ ತಿಂಡಿಗೆ ಮೊದಲು ಒಂದು", "ಎರಡು ತಿಂಗಳ ಅನಂತರ ಬನ್ನಿ" ಎಂಬ ಸಾಲುಗಳು ರೋಗಿಗೆ. ಅವು ರೋಗಿಯ ಭಾಷೆಯಲ್ಲಿರಬೇಡವೇ? ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವನಿಗೆ ಇದರಲ್ಲಿ ಎರಡನೆಯ ಅಭಿಪ್ರಾಯವಿರಲು ಸಾಧ್ಯವಿಲ್ಲ.

ಎರಡನೆಯವರು ಔಷಧದ ಅಂಗಡಿಯವರು. ಅವರನ್ನು ಬರಿಯ ವ್ಯಾಪಾರಿಗಳೆಂದು ಕಾಣುವುದು ನಮ್ಮ ಸಣ್ಣತನ. ಫಾರ್ಮಸಿ ಓದಿ ನೋಂದಾಯಿಸಿಕೊಂಡವರು ಪ್ರತಿ ಅಂಗಡಿಯಲ್ಲಿ ಇರಬೇಕೆಂಬ ನಿಯಮವಿದೆ. ಕೊಟ್ಟ ದಿನಾಂಕವನ್ನು ಚೀಟಿಯ ಮೇಲೆ ಒತ್ತಿ, ಚೀಟಿಗೆ ವರ್ಷ ದಾಟಿದ್ದರೆ "ಈ ಬಾರಿ ಹದಿನೈದು ದಿನಕ್ಕೆ ಕೊಡುತ್ತೇನೆ ತಾಯಿ, ಅಷ್ಟರೊಳಗೆ ಡಾಕ್ಟರಿಗೆ ತೋರಿಸಿಬಿಡಿ" ಎಂದರೆ ಗಿರಾಕಿ ಮುನಿಯುವುದಿಲ್ಲ. ತನ್ನ ಬಗೆಗೆ ಕಾಳಜಿಯುಳ್ಳ ಅಂಗಡಿಯನ್ನು ನಮ್ಮ ಜನ ಬಿಟ್ಟುಹೋಗುವವರಲ್ಲ.

ಮೂರನೆಯವರು ನಾವು, ಅಂದರೆ ರೋಗಿಗಳು ಮತ್ತು ಮನೆಯವರು. ಶಾಲೆಯ ಇನ್ನೂರು ಪುಟದ ನೋಟ್ ಪುಸ್ತಕವೊಂದು ಸಾಕು. ಎಡ ಪುಟದಲ್ಲಿ ಈಗ ಸೇವಿಸುತ್ತಿರುವ ಔಷಧಗಳ ಮೂಲ ಹೆಸರು, ಪ್ರಮಾಣ, ಯಾವಾಗ ಆರಂಭಿಸಿದ್ದು, ಯಾರು ಬರೆದದ್ದು. ಬಲ ಪುಟದಲ್ಲಿ ಬಿ.ಪಿ., ಸಕ್ಕರೆ, ಕ್ರಿಯಾಟಿನಿನ್‌ಗಳ ಅಂಕಿಗಳು ದಿನಾಂಕ ಸಹಿತ. ನಿಲ್ಲಿಸಿದ ಔಷಧಕ್ಕೆ ಒಂದು ಗೆರೆ, ಪಕ್ಕದಲ್ಲಿ ಕಾರಣ. ಅಂಗಡಿಯ ಮಾತ್ರೆ, ಆಯುರ್ವೇದದ ಲೇಹ್ಯ, ನೆರೆಮನೆಯವರು ಹೇಳಿದ ಪುಡಿ ಎಲ್ಲವೂ ಅದರಲ್ಲಿ ಬರಬೇಕು. ಮುಚ್ಚಿಟ್ಟರೆ ಮೋಸ ಹೋಗುವವರು ನಾವೇ. ಯಾವ ವೈದ್ಯರ ಬಳಿ ಹೋದರೂ ಆ ಪುಸ್ತಕ ಕೈಯಲ್ಲಿರಲಿ. ಒಂದು ವಾರದ ಮಾತ್ರೆ ಉಳಿದಿರುವಾಗಲೇ ಮುಂದಿನದನ್ನು ತರುವುದು ವಾಡಿಕೆಯಾಗಲಿ. ಹಬ್ಬದ ರಜೆಯಲ್ಲಿ ಅಂಗಡಿ ಮುಚ್ಚಿದೆಯೆಂದು ನಾಲ್ಕು ದಿನ ಮಾತ್ರೆ ತಪ್ಪುವುದು ಬೇಡ.

ವಿದೇಶದಲ್ಲಿರುವವರಿಗೆ ಪ್ರತ್ಯೇಕವಾಗಿ ಒಂದು ಮಾತು. ತಂದೆತಾಯಿಗಳನ್ನು ಇಂಗ್ಲೆಂಡಿಗೆ ಕರೆಸಿಕೊಳ್ಳುವಾಗ, ನಮ್ಮ ವೈದ್ಯರ ಚೀಟಿಯನ್ನು ಅಲ್ಲಿನ ಔಷಧದ ಅಂಗಡಿಗಳು ಮಾನ್ಯ ಮಾಡುವುದಿಲ್ಲವೆಂಬುದು ನೆನಪಿರಲಿ. ಇರುವಷ್ಟು ದಿನಕ್ಕೂ ಸಾಲುವ ಮಾತ್ರೆಗಳನ್ನು, ಮೂಲ ಹೆಸರುಗಳಿರುವ ವೈದ್ಯರ ಪತ್ರದೊಡನೆ, ಕೈಚೀಲದಲ್ಲೇ ತರಿಸಿಕೊಳ್ಳಿ. ನೀವು ದೀರ್ಘಕಾಲ ಊರಿಗೆ ಬರುವುದಾದರೆ ನಿಮ್ಮ ಸರ್ಜರಿಯವರು ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚಿನ ಔಷಧ ಕೊಡುವುದಿಲ್ಲ. ಮೊದಲೇ ಕೇಳಿ ವ್ಯವಸ್ಥೆ ಮಾಡಿಕೊಳ್ಳಿ. ನಿಮ್ಮ ಚೀಟಿಯ ಮರುಪರಿಶೀಲನೆಗೆ ಕರೆ ಬಂದಾಗ "ಇದೊಂದು ಕಾಟ" ಎಂದು ಬೇಸರಿಸುವ ಮುನ್ನ, ನಿಮ್ಮ ತಾಯಿಗೆ ಅಂಥ ಕರೆ ಮಾಡುವವರು ಇಲ್ಲಿ ಯಾರೂ ಇಲ್ಲವೆಂಬುದನ್ನು ಯೋಚಿಸಿ. ಆ ಕರೆಯನ್ನು ನೀವೇ ಮಾಡಬಹುದು. ಅಂಗಡಿಗೆ ದೂರವಾಣಿ ಮಾಡಿ ಮಾತ್ರೆ ಕಳಿಸಿ ಎನ್ನುವ ಮೊದಲು ಅಮ್ಮನಿಗೆ ಮಾಡಿ, "ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತಮ್ಮ?" ಎಂದು ಕೇಳಿ. ಹಣ ಕಳಿಸುವಷ್ಟೇ ಸುಲಭವಾದ ಕೆಲಸ ಅದು.

ದಸರೆಗೋ ದೀಪಾವಳಿಗೋ ನಿಮ್ಮಲ್ಲಿ ಅನೇಕರು ಊರಿಗೆ ಬರುತ್ತೀರಿ. ಬಂದಾಗ ಒಂದು ಸಂಜೆಯನ್ನು ಇದಕ್ಕಾಗಿ ಎತ್ತಿಡಿ. ಅಪ್ಪ ಅಮ್ಮಂದಿರ ಮಾತ್ರೆಯ ಡಬ್ಬಿಯನ್ನು ಅವರೆದುರಿಗೇ, ಗದರದೆ, ಮೇಜಿನ ಮೇಲೆ ಸುರಿದುಕೊಳ್ಳಿ. ಅವಧಿ ಮುಗಿದವನ್ನು ಬೇರೆ ಮಾಡಿ, ಎರಡು ಹೆಸರಿನ ಒಂದೇ ಮಾತ್ರೆಯಿದೆಯೇ ನೋಡಿ, ಚೀಟಿಯ ದಿನಾಂಕ ಹುಡುಕಿ, ಉಳಿದದ್ದನ್ನು ಪುಸ್ತಕಕ್ಕೆ ಬರೆಯಿರಿ. ಮರುದಿನ ಬೆಳಗ್ಗೆ ಆ ಪುಸ್ತಕದೊಂದಿಗೆ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ಚೀಟಿಯ ಕೆಳಗೆ ಆ ಎರಡು ಸಾಲುಗಳನ್ನು ಬರೆಸಿಕೊಂಡೇ ಹಿಂದಿರುಗಿ.